ಪ್ರವಾಸದ ಗಂಟಿನಲ್ಲೊಂದು ಚೂರಿ

ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೊರಟ ತಾಯಿಯ ಚಿತ್ರ ಮಹಾನಗರಗಳ ಕನ್ನಡ ಕುಟುಂಬಗಳಿಗೆ ಅಪರಿಚಿತವಲ್ಲ. ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಲೇಹ್ಯದ ಡಬ್ಬಿ. ಕೈಚೀಲದಲ್ಲಿ ಔಷಧಿಗಳು, ಕನ್ನಡಕ, ಎಲೆಯಡಿಕೆಯ ಸಂಚಿ. ಆ ಸಂಚಿಯೊಳಗೆ ಅತ್ತೆಯವರ ಕಾಲದ ಅಡಕತ್ತರಿ. ತಪಾಸಣೆಯ ಯಂತ್ರದೊಳಗೆ ಚೀಲ ಸಾಗುತ್ತಲೇ ನಿಲ್ಲುತ್ತದೆ, ಅಡಕತ್ತರಿ ಹೊರಬರುತ್ತದೆ. ಪೆಟ್ಟಿಗೆಯಲ್ಲಿ ಇಡೋಣವೆಂದರೆ ಅದಾಗಲೇ ಕೈಬಿಟ್ಟು ಹೋಗಿದೆ. ಮಗನ ಕೈಗೆ ಕೊಡೋಣವೆಂದರೆ ಅವನು ಹೊರಬಾಗಿಲಿನಿಂದಲೇ ಮರಳಿದ್ದಾನೆ. ಎಷ್ಟೋ ವರ್ಷ ಅಡಿಕೆಯನ್ನಲ್ಲದೆ ಬೇರೇನನ್ನೂ ಕತ್ತರಿಸದ ಆ ವಸ್ತು ನಿಷಿದ್ಧ ಸಾಮಾನುಗಳ ಪೆಟ್ಟಿಗೆಗೆ ಬೀಳುತ್ತದೆ.

ಅದೇ ಮನೆಯ ಮೊಮ್ಮಗ ಬೆನ್ನುಚೀಲ ಹೊತ್ತು ಪರದೇಶದ ಕಾಡುಮೇಡುಗಳಲ್ಲಿ ಡೇರೆ ಹಾಕಲು ಹೊರಡುತ್ತಾನೆ. ಅವನ ಜೇಬಿನ ಮಡಿಸುವ ಚೂರಿ ಕಾಡಿನಲ್ಲಿ ಪ್ರಾಣ ಉಳಿಸಬಲ್ಲದು. ಅದೇ ಚೂರಿ ಅದೇ ಜೇಬಿನಲ್ಲಿ ನಗರದ ರೈಲು ನಿಲ್ದಾಣಕ್ಕೆ ಬಂದರೆ ಅವನನ್ನು ಪೊಲೀಸ್ ಠಾಣೆಗೆ ಒಯ್ಯಬಲ್ಲದು. ಚೂರಿ ಬದಲಾಗಿಲ್ಲ, ಅದು ಇರುವ ಸ್ಥಳ ಬದಲಾಗಿದೆ. ಹರಿತವಾದ ಉಪಕರಣದೊಡನೆ ಪ್ರಯಾಣ ಮಾಡುವವರು ಅರಿಯಬೇಕಾದ ಮುಖ್ಯ ಸಂಗತಿ ಇದೇ.

ಉಪಕರಣವೋ ಆಯುಧವೋ?

ನಮ್ಮ ನಾಡಿನಲ್ಲಿ ಹರಿತವಾದ ವಸ್ತುವಿಗೆ ಗೌರವದ ಸ್ಥಾನವಿದೆ. ಆಯುಧಪೂಜೆಯ ದಿನ ಈಳಿಗೆಮಣೆ, ಕುಡುಗೋಲುಗಳಿಗೂ ಅರಿಸಿನ ಕುಂಕುಮ ಸಲ್ಲುತ್ತದೆ. ಕೊಡವರ ಉಡುಪಿನಲ್ಲಿ ಪೀಚೆಕತ್ತಿ ಸೊಂಟದ ಭೂಷಣ. ಭಾರತದ ಶಸ್ತ್ರಾಸ್ತ್ರ ನಿಯಮಗಳೂ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ವರ್ಗಕ್ಕೆ ಸೇರಿಸುವಾಗ, ಗೃಹಕೃತ್ಯ, ಬೇಸಾಯ, ವಿಜ್ಞಾನ ಮತ್ತು ಕೈಗಾರಿಕೆಗಳ ಉಪಕರಣಗಳನ್ನು ಅದರಿಂದ ಹೊರಗಿರಿಸಿವೆ. ಈ ವಾತಾವರಣದಲ್ಲಿ ಬೆಳೆದವರಿಗೆ ಹಣ್ಣು ಹೆಚ್ಚುವ ಚಾಕುವಿನಲ್ಲಿ ಅಪರಾಧ ಕಾಣದಿರುವುದು ಸಹಜವೇ. ಆದರೆ ಪರದೇಶದ ಪೊಲೀಸಿನವನು ನೋಡುವುದು ಒಡೆಯನ ಮನಸ್ಸನ್ನಲ್ಲ, ಅಲಗಿನ ಉದ್ದವನ್ನು.

ಪ್ರವಾಸಿಯ ಚೂರಿಗಳಲ್ಲಿ ಸ್ವಿಟ್ಜರ್ಲೆಂಡಿನ ಕೆಂಪು ಹಿಡಿಯ ಮಡಿಸುವ ಚೂರಿ ಜಗತ್ಪ್ರಸಿದ್ಧ. 1884ರಲ್ಲಿ ಇಬಾಕ್ ಎಂಬ ಗ್ರಾಮದಲ್ಲಿ ಕಾರ್ಯಾಗಾರ ತೆರೆದ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚೂರಿಗಳನ್ನು ಒದಗಿಸಲಾರಂಭಿಸಿದನು. ಇಂದು ಲೋಕವೆಲ್ಲ ಬಲ್ಲ ಚೂರಿಯ ಮೂಲರೂಪವನ್ನು 1897ರಲ್ಲಿ ನೋಂದಾಯಿಸಿದನು. ಸೈನ್ಯದ ಹೆಸರು ಹೊತ್ತರೂ ಅದು ಮೊದಲಿನಿಂದಲೂ ಡಬ್ಬಿ ತೆರೆಯುವ, ತಿರುಪು ಬಿಗಿಯುವ ಗೃಹಸ್ಥನ ಉಪಕರಣ. ಯೂರೋಪು ಪ್ರವಾಸದಿಂದ ಮರಳುವ ನಮ್ಮವರು ಬಂಧುಗಳಿಗೆಂದು ಅದನ್ನು ಕೊಂಡು, ಮರೆತು ಕೈಚೀಲದಲ್ಲಿಟ್ಟು, ದಾರಿಯ ವಿಮಾನನಿಲ್ದಾಣದಲ್ಲಿ ಕಳೆದುಕೊಳ್ಳುವುದು ಅಪರೂಪವಲ್ಲ.

ವಿಮಾನದ ಮೆಟ್ಟಿಲಲ್ಲಿ

2001ರ ಸೆಪ್ಟೆಂಬರ್ 11ರವರೆಗೆ ಅಮೆರಿಕದ ವಿಮಾನಗಳಲ್ಲಿ 4 ಅಂಗುಲಕ್ಕಿಂತ ಚಿಕ್ಕ ಅಲಗಿನ ಚೂರಿಯನ್ನು ಜೇಬಿನಲ್ಲೇ ಒಯ್ಯಲು ಅವಕಾಶವಿತ್ತು. ಆ ದಿನದ ಅಪಹರಣಗಳ ನಂತರ ಅದು ರದ್ದಾಯಿತು. 2013ರಲ್ಲಿ ಸುಮಾರು 6 ಸೆಂಟಿಮೀಟರಿನೊಳಗಿನ ಚೂರಿಗಳಿಗೆ ಮತ್ತೆ ಅನುಮತಿ ನೀಡುವ ಪ್ರಸ್ತಾಪ ಬಂದು, ವಿಮಾನ ಸಿಬ್ಬಂದಿಯ ಪ್ರತಿಭಟನೆಯ ತರುವಾಯ ಅದೇ ವರ್ಷ ಕೈಬಿಡಲ್ಪಟ್ಟಿತು. ಯೂರೋಪ್ ಒಕ್ಕೂಟದ ನಿಯಮ ನಿಷೇಧಿಸುವುದು 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು. ಒಂದು ನಿಲ್ದಾಣದಲ್ಲಿ ಸಲ್ಲುವುದು ಮುಂದಿನ ನಿಲ್ದಾಣದಲ್ಲಿ ಸಲ್ಲದು. ಪ್ರಯಾಣದ ನಡುವೆ ವಿಮಾನ ಬದಲಿಸುವವರು ಎರಡನೆಯ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಹೀಗೆಯೇ.

ಆದ್ದರಿಂದ ಅಳತೆಯ ಲೆಕ್ಕಾಚಾರವನ್ನೇ ಬದಿಗಿರಿಸಿ ಒಂದೇ ನಿಯಮ ಪಾಲಿಸುವುದು ಕ್ಷೇಮ. ಚೂರಿ, ಅಡಕತ್ತರಿ, ಬಿಡಿ ಬ್ಲೇಡು, ಚೂಪಾದ ಕತ್ತರಿ, ಕೊಡಲಿ, ಡೇರೆಯ ಗೂಟಗಳು ಎಲ್ಲವೂ ತೂಕ ಹಾಕಿ ಒಪ್ಪಿಸುವ ಪೆಟ್ಟಿಗೆಗೇ ಸೇರತಕ್ಕದ್ದು. ಅಲಗಿಗೆ ದಪ್ಪ ರಟ್ಟು ಸುತ್ತಿ, ಮೇಲೆ ಬಟ್ಟೆ ಕಟ್ಟಿ, ಪೆಟ್ಟಿಗೆಯ ನಡುಭಾಗದಲ್ಲಿಡಬೇಕು. ಪೆಟ್ಟಿಗೆಯನ್ನು ತೆರೆದು ನೋಡುವ ನೌಕರನ ಬೆರಳೂ ಬೆರಳೇ ಅಲ್ಲವೇ? ಮಗಳ ಮನೆಗೆ ಈಳಿಗೆಮಣೆ ಒಯ್ಯುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಹೊರಡುವ ಹಿಂದಿನ ರಾತ್ರಿ ಕೈಚೀಲವನ್ನು ಪೂರ್ತಿಯಾಗಿ ಬರಿದು ಮಾಡಿ ಮತ್ತೆ ತುಂಬುವುದು ಒಳ್ಳೆಯದು. ಹಳೆಯ ಚೀಲದ ಮೂಲೆಯಲ್ಲಿ ಮರೆತ ವಸ್ತುವೇ ಹೆಚ್ಚು ತೊಂದರೆ ಕೊಡುವುದು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಪರದೇಶದ ಮಣ್ಣಿನೊಡನೆ ರೋಗ, ಕ್ರಿಮಿ, ಕಳೆಬೀಜಗಳು ಬಾರದಿರಲೆಂದು ಅಲ್ಲಿ ಕಟ್ಟುನಿಟ್ಟಿನ ತಪಾಸಣೆಯಿದೆ. ಬಳಸಿದ ಡೇರೆ, ಬೂಟು, ಗುದ್ದಲಿಗಳನ್ನು ತೊಳೆದೊಣಗಿಸಿ ಒಯ್ಯುವುದಲ್ಲದೆ, ಘೋಷಣಾಪತ್ರದಲ್ಲಿ ನಮೂದಿಸಲೂ ಬೇಕು. ನ್ಯೂಜಿಲೆಂಡಿನಲ್ಲಿ ಮರೆಮಾಚಿದವರಿಗೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳುತ್ತದೆ.

ಇಳಿದ ನೆಲದ ಕಾನೂನು

ವಿಮಾನದಿಂದ ಚೂರಿ ಸುರಕ್ಷಿತವಾಗಿ ಇಳಿದರೆ ಕಥೆ ಮುಗಿಯುವುದಿಲ್ಲ. ಬ್ರಿಟನ್ನಿನ 1988ರ ಕಾಯಿದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ತಕ್ಕ ಕಾರಣವಿಲ್ಲದೆ ಒಯ್ಯಬಹುದಾದದ್ದು 3 ಅಂಗುಲದೊಳಗಿನ ಅಲಗಿನ ಮಡಿಸುವ ಚೂರಿಯನ್ನು ಮಾತ್ರ. ತೆರೆದಾಗ ಅಲಗು ಬೀಗದಂತೆ ಬಿಗಿದುಕೊಳ್ಳುವ ಚೂರಿ ಎಷ್ಟು ಚಿಕ್ಕದಾದರೂ ಈ ವಿನಾಯಿತಿಗೆ ಬರುವುದಿಲ್ಲ. ಉದ್ಯೋಗ, ಧರ್ಮಾಚರಣೆ, ರಾಷ್ಟ್ರೀಯ ಉಡುಪು ಇವು ಸಕಾರಣಗಳಾಗಬಹುದು. ಆದರೆ ಅದನ್ನು ಸಾಧಿಸುವ ಹೊಣೆ ಚೂರಿ ಹೊತ್ತವನದೇ. ಕೇವಲ ಮರೆವು ಅಲ್ಲಿ ಸಮಾಧಾನವಾಗದು. ಶಿಕ್ಷೆ 4 ವರ್ಷಗಳ ಸೆರೆವಾಸದವರೆಗೂ ಹೋಗಬಹುದು.

ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸಕಾರಣವಿಲ್ಲದೆ ಒಯ್ಯುವುದು ಸಾಮಾನ್ಯವಾಗಿ ಅಪರಾಧ. ಅದಕ್ಕಿಂತ ಚಿಕ್ಕದನ್ನು ಬಚ್ಚಿಟ್ಟು ಒಯ್ದರೂ ಪ್ರಶ್ನೆಗೆ ಗುರಿಯಾಗಬಹುದು. ಜರ್ಮನಿಯಲ್ಲಿ ಒಂದೇ ಕೈಯಿಂದ ತೆರೆದು ಬಿಗಿಯಬಲ್ಲ ಮಡಿಚೂರಿಯನ್ನೂ, 12 ಸೆಂಟಿಮೀಟರಿಗಿಂತ ಉದ್ದದ ಮಡಿಸದ ಚೂರಿಯನ್ನೂ ಸಕಾರಣವಿಲ್ಲದೆ ಒಯ್ಯುವಂತಿಲ್ಲ. 2024ರಲ್ಲಿ ಅಲ್ಲಿಯ ಕಾನೂನು ಮತ್ತಷ್ಟು ಬಿಗಿಯಾಗಿ ಸಾರ್ವಜನಿಕ ಉತ್ಸವಗಳಿಂದ ಚೂರಿಗಳನ್ನು ದೂರವಿರಿಸಿತು. ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚೂರಿಯಂತೂ ಕೆನಡಾದಲ್ಲಿ ನಿಷಿದ್ಧ ಆಯುಧ. ಅಮೆರಿಕದಲ್ಲಿ ನಿಯಮ ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ.

ಇಷ್ಟನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಹೊರಡುವ ಮುನ್ನ ಹೋಗುವ ದೇಶದ ಇಂದಿನ ನಿಯಮವನ್ನು ವಿಚಾರಿಸಿಕೊಂಡು, ಚಿಕ್ಕದಾದ, ಬೀಗವಿಲ್ಲದ, ಕೈಯಿಂದ ಮಡಿಸುವ ಸಾದಾ ಚೂರಿಯನ್ನು ಆರಿಸಿಕೊಂಡರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಬಿಡಾರಕ್ಕೆ ಹೋಗಿಬರುವ ದಾರಿಯಲ್ಲಿ ಅದು ಜೇಬಿನಲ್ಲಾಗಲಿ ಸೊಂಟದಲ್ಲಾಗಲಿ ಇರದೆ, ಡೇರೆ, ಪಾತ್ರೆಗಳೊಡನೆ ಚೀಲದ ತಳದಲ್ಲಿ ಕಟ್ಟಿರಬೇಕು. ಪೊಲೀಸರು ಕೇಳಿದರೆ ಇದ್ದುದನ್ನು ಇದ್ದಂತೆ ಹೇಳಬೇಕು. ‘ಆತ್ಮರಕ್ಷಣೆಗೆಂದು ಇಟ್ಟುಕೊಂಡಿದ್ದೇನೆ’ ಎಂಬ ಮಾತು ನಮಗೆ ನ್ಯಾಯವೆನಿಸಿದರೂ, ಉಪಕರಣವನ್ನು ಆಯುಧವೆಂದು ತಾನೇ ಒಪ್ಪಿಕೊಂಡಂತಾಗುತ್ತದೆ.

ಒಂದು ಮೊಂಡು ಅಲಗಿನ ಪಾಠ

ಇಷ್ಟೊಂದು ತೊಡಕಿದ್ದರೆ ಚೂರಿಯೇ ಬೇಡವೆನ್ನಬಹುದು. ಆದರೆ 2003ರ ಏಪ್ರಿಲ್ 26ರಂದು ಅಮೆರಿಕದ ಯೂಟಾ ಸಂಸ್ಥಾನದ ಬ್ಲೂಜಾನ್ ಕಣಿವೆಯಲ್ಲಿ ನಡೆದದ್ದನ್ನು ಕೇಳಬೇಕು. ಆರನ್ ರಾಲ್ಸ್ಟನ್ ಎಂಬ ತರುಣ ಇಕ್ಕಟ್ಟಾದ ಕಮರಿಯಲ್ಲಿ ಇಳಿಯುತ್ತಿದ್ದಾಗ ಸುಮಾರು 360 ಕಿಲೋ ತೂಕದ ಬಂಡೆಯುರುಳಿ ಅವನ ಬಲಗೈ ಸಿಕ್ಕಿಕೊಂಡಿತು. ಐದು ದಿನಗಳಿಗೂ ಮೀರಿ ಅಲ್ಲಿಯೇ ಸಿಲುಕಿದ್ದ ಅವನು, ಕಡೆಗೆ ಮುಂಗೈಯ ಎಲುಬುಗಳನ್ನು ತಾನೇ ಮುರಿದುಕೊಂಡು, ತನ್ನಲ್ಲಿದ್ದ ಅಗ್ಗದ ಬಹೂಪಯೋಗಿ ಉಪಕರಣದ ಮೊಂಡು ಅಲಗಿನಿಂದ ಕೈಯನ್ನು ಕತ್ತರಿಸಿಕೊಂಡು ಜೀವ ಉಳಿಸಿಕೊಂಡನು. ಎ. ಆರ್. ರೆಹಮಾನ್ ಸಂಗೀತ ನೀಡಿದ 2010ರ ಚಲನಚಿತ್ರದಿಂದ ಈ ಘಟನೆ ನಮ್ಮಲ್ಲೂ ಪರಿಚಿತವಾಯಿತು.

ಚೂರಿ ಅವನನ್ನು ಉಳಿಸಿತು, ನಿಜ. ಆದರೆ ಅವನು ಹೊರಡುವಾಗ ಎಲ್ಲಿಗೆ ಹೋಗುವೆನೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹುಡುಕುವವರು ಬೇಗನೆ ಬರುವ ಸಂಭವವಿತ್ತು. ಶನಿವಾರ ಭಾನುವಾರಗಳಲ್ಲಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ಮುಂಬಯಿ, ಪುಣೆಗಳ ನಮ್ಮ ಮಕ್ಕಳಿಗೂ ಈ ಪಾಠ ಸಲ್ಲುತ್ತದೆ: ಚೂರಿಗಿಂತ ಮೊದಲು ಮನೆಯಲ್ಲೊಂದು ಚೀಟಿ—ಎಲ್ಲಿಗೆ, ಯಾರೊಡನೆ, ಎಂದು ವಾಪಸು.

ಬಿಡಾರದಲ್ಲಿ ಬಳಕೆ

ಮೊಂಡು ಚೂರಿಯಿಂದ ಅಪಾಯವಿಲ್ಲವೆಂಬುದು ತಪ್ಪು ಕಲ್ಪನೆ. ಅದಕ್ಕೆ ಹೆಚ್ಚು ಬಲ ಹಾಕಬೇಕು. ಬಲ ಹಾಕಿದಲ್ಲಿ ಅಲಗು ಜಾರುತ್ತದೆ. ಬಳಸುವವರು ಕುಳಿತು, ತೋಳು ಚಾಚಿದಷ್ಟು ದೂರದೊಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಮೈಯಿಂದ ಹೊರಮುಖವಾಗಿ ಕತ್ತರಿಸಬೇಕು. ತೊಡೆಯ ಮೇಲಿಟ್ಟು ಕಟ್ಟಿಗೆ ಕೆತ್ತಬಾರದು; ಅಲ್ಲಿ ಹರಿಯುವ ದೊಡ್ಡ ರಕ್ತನಾಳ ಕಡಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ. ಕೈತಪ್ಪಿ ಬೀಳುವ ಚೂರಿಯನ್ನು ಹಿಡಿಯಹೋಗಬಾರದು. ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಹಿರಿಯರು ನೆಲದ ಮೇಲಿರಿಸಿ ಕೊಡುತ್ತಿದ್ದರು. ಜಗಳದ ಮಾತು ಹೇಗಾದರಿರಲಿ, ಬೆರಳುಗಳ ದೃಷ್ಟಿಯಿಂದ ಅದು ಉತ್ತಮ ಪದ್ಧತಿ.

ಗಾಯವಾದಾಗ

ಕೊಯ್ದ ಗಾಯಕ್ಕೆ ಕಾಫಿಪುಡಿ, ಅರಿಸಿನ ಮೆತ್ತುವುದು ನಮ್ಮ ಮನೆಗಳ ವಾಡಿಕೆ. ಅದನ್ನು ಬಿಡುವುದೇ ಲೇಸು. ಪುಡಿಯೊಡನೆ ಕೊಳೆಯೂ ಸೇರಬಹುದು, ವೈದ್ಯರಿಗೆ ಗಾಯವನ್ನು ಶುಚಿಗೊಳಿಸುವುದೂ ಕಷ್ಟ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ ಒಂದೇ ಸಮನೆ ಒತ್ತಿಹಿಡಿಯಬೇಕು. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ ರಕ್ತ ಮತ್ತೆ ಬಿರಿಯುತ್ತದೆ. ಸಣ್ಣ ಗಾಯವಾದರೆ ರಕ್ತ ನಿಂತ ಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಸುರಿದು ತೊಳೆದು ಪಟ್ಟಿ ಕಟ್ಟಬೇಕು. ಒಳಗೆ ಚುಚ್ಚಿಕೊಂಡಿರುವ ವಸ್ತುವನ್ನು ಮಾತ್ರ ಕೀಳಬಾರದು.

ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯ್ಬಿಟ್ಟಿದ್ದರೆ, ಬೆರಳು ಮಡಿಸಲಾಗದಿದ್ದರೆ ಅಥವಾ ಮರಗಟ್ಟಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು; ನರ ಅಥವಾ ಸ್ನಾಯುರಜ್ಜು ಕಡಿದಿರಬಹುದು. ಮಧುಮೇಹಿಗಳೂ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರೂ ಚಿಕ್ಕ ಗಾಯವನ್ನೂ ಅಲಕ್ಷಿಸಬಾರದು.

ಧನುರ್ವಾಯು ತುಕ್ಕು ಹಿಡಿದ ಕಬ್ಬಿಣದಿಂದ ಮಾತ್ರ ಬರುವುದೆಂದು ಅನೇಕರ ನಂಬಿಕೆ. ಅದರ ರೋಗಾಣು ವಾಸಿಸುವುದು ಮಣ್ಣಿನಲ್ಲಿ, ಪ್ರಾಣಿಗಳ ಸಗಣಿಯಲ್ಲಿ. ಹೊಳೆಯುವ ಚೂರಿಯ ಗಾಯಕ್ಕೂ ಬಿಡಾರದ ಮಣ್ಣು ತಗಲಬಹುದು. ವಯಸ್ಕರಿಗೆ ಹತ್ತು ವರ್ಷಕ್ಕೊಮ್ಮೆ ಇದರ ಚುಚ್ಚುಮದ್ದು ಬೇಕು. ಕೊಳೆತಗುಲಿದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಮತ್ತೊಂದು ಬೇಕಾಗುತ್ತದೆ. ಪಾಸ್‌ಪೋರ್ಟಿನ ಅವಧಿಯನ್ನು ಪರಿಶೀಲಿಸುವ ದಿನವೇ ಇದರ ದಿನಾಂಕವನ್ನೂ ನೋಡಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಪರದೇಶದಲ್ಲಿ ನಾಲ್ಕು ಹೊಲಿಗೆಗೂ ದುಬಾರಿ ವೆಚ್ಚ ತಗಲುವುದರಿಂದ ಪ್ರವಾಸ ವಿಮೆಯ ಷರತ್ತುಗಳನ್ನು, ವಿಶೇಷವಾಗಿ ಚಾರಣಕ್ಕೆ ಅದು ಅನ್ವಯಿಸುವುದೇ ಎಂಬುದನ್ನು, ಓದಿ ನೋಡುವುದು ಅವಶ್ಯ.

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ದೇಶ ಸುತ್ತುವವರು ಆ ದೇಶದ ನಿಯಮದ ಕೋಶವನ್ನೂ ಒಂದಿಷ್ಟು ಓದಿಕೊಂಡರೆ ಸುಖ. ಅಡಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಟ್ಟ ತಾಯಿ ನಿಶ್ಚಿಂತೆಯಿಂದ ವಿಮಾನವೇರಬಲ್ಲಳು; ಮೊಮ್ಮಗುವಿನ ನಾಮಕರಣದ ದಿನ ಅಲ್ಲಿಯೂ ಎಲೆಯಡಿಕೆಯ ತಟ್ಟೆ ಸಿದ್ಧವಾದೀತು.