ಬಿಡದ ಜ್ವರದ ಬೇರು ಅಸ್ಥಿಮಜ್ಜೆಯಲ್ಲಿ

ಅರುವತ್ತು ದಾಟಿದ ಗಂಡಸಿಗೆ ಪದೇ ಪದೇ ಜ್ವರ. ಕಿವಿಯ ಮೃದ್ವಸ್ಥಿ ಕೆಂಪಗೆ ಊದಿಕೊಳ್ಳುತ್ತದೆ, ಚರ್ಮದ ಮೇಲೆ ನೋವಿನ ಗಂಟುಗಳೇಳುತ್ತವೆ, ಜತೆಗೆ ರಕ್ತಹೀನತೆ. ಚರ್ಮರೋಗ ತಜ್ಞರು ಒಂದು ಹೆಸರು ಹೇಳಿದರೆ ಸಂಧಿವಾತ ತಜ್ಞರು ಇನ್ನೊಂದು, ರಕ್ತರೋಗ ತಜ್ಞರು ಮತ್ತೊಂದು ಹೇಳುತ್ತಾರೆ. ಇವೆಲ್ಲ ಒಂದೇ ಕಾಯಿಲೆಯ ಮುಖಗಳಾಗಿರಬಹುದೆಂದು ವೈದ್ಯಲೋಕಕ್ಕೆ ತಿಳಿದದ್ದು 2020ರಲ್ಲಿ. ಅದರ ಹೆಸರು ವೆಕ್ಸಾಸ್.

ಸೋಂಕಿಲ್ಲದಿದ್ದರೂ ದೇಹದ ಜನ್ಮಜಾತ ರಕ್ಷಣಾ ವ್ಯವಸ್ಥೆ ತಾನಾಗಿಯೇ ಕೆರಳುವ ಕಾಯಿಲೆಗಳಿಗೆ ಸ್ವಯಂ ಉರಿಯೂತದ ಕಾಯಿಲೆಗಳೆಂದು 1999ರಲ್ಲಿ ಹೆಸರಿಟ್ಟವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡಾನ್ ಕ್ಯಾಸ್ಟ್ನರ್ ಮತ್ತು ಸಹೋದ್ಯೋಗಿಗಳು. ಇಂತಹವು ಸಾಮಾನ್ಯವಾಗಿ ಎಳವೆಯಲ್ಲೇ ಕಾಣಿಸಿಕೊಳ್ಳುವ ಆನುವಂಶಿಕ ಕಾಯಿಲೆಗಳೆಂಬ ನಂಬಿಕೆಯಿತ್ತು. ಮುದುಕರಲ್ಲಿ ಅವನ್ನು ಹುಡುಕುವ ಗೋಜಿಗೆ ಹೆಚ್ಚು ಜನ ಹೋಗಿರಲಿಲ್ಲ.

ಅದೇ ಸಂಸ್ಥೆಯ ಡೇವಿಡ್ ಬೆಕ್ ಮತ್ತು ಸಂಗಡಿಗರು ಹುಡುಕಾಟದ ದಿಕ್ಕನ್ನೇ ತಿರುಗಿಸಿದರು. ಒಂದೇ ಬಗೆಯ ಲಕ್ಷಣವಿರುವ ರೋಗಿಗಳನ್ನು ಗುಂಪು ಮಾಡಿ ಜೀನ್ ಅರಸುವುದು ರೂಢಿ. ಇವರು ಲಕ್ಷಣಗಳನ್ನು ಬದಿಗಿಟ್ಟು, ರೋಗನಿರ್ಣಯವಾಗದ ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಜೀನ್‌ಗಳಲ್ಲಿ ಸಮಾನ ದೋಷವನ್ನು ಅರಸಿದರು. ಯುಬಿಎ1 ಎಂಬ ಜೀನ್‌ನಲ್ಲಿ ಮೊದಲು ಮೂವರು ಸಿಕ್ಕರು, ಬಳಿಕ ಒಟ್ಟು 25 ಮಂದಿ. ಎಲ್ಲರೂ ಗಂಡಸರು. ವರದಿ ಪ್ರಕಟವಾಗುವ ಹೊತ್ತಿಗೆ ಅವರಲ್ಲಿ 10 ಮಂದಿ ಬದುಕಿರಲಿಲ್ಲ.

ಜೀವಕೋಶದಲ್ಲಿ ಕೆಟ್ಟ ಪ್ರೋಟೀನಿಗೆ ವಿಲೇವಾರಿಯ ಚೀಟಿ ಅಂಟಿಸುವ ಕೆಲಸವನ್ನು ಆರಂಭಿಸುವ ಕಿಣ್ವ ಈ ಜೀನ್‌ನಿಂದ ತಯಾರಾಗುತ್ತದೆ. ಅದು ಕುಂದಿದರೆ ಕಸ ಉಳಿಯುತ್ತದೆ, ಉರಿಯೂತ ಹೊತ್ತಿಕೊಳ್ಳುತ್ತದೆ. ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಎರಡು ಎಕ್ಸ್ ಇರುವ ಹೆಂಗಸರಿಗೆ ಬಹುಮಟ್ಟಿಗೆ ರಕ್ಷಣೆಯಿದೆ, ಒಂದೇ ಇರುವ ಗಂಡಸರಿಗಿಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ದೋಷ ತಂದೆ-ತಾಯಿಯಿಂದ ಬಂದದ್ದಲ್ಲ. ವಯಸ್ಸಾದ ಮೇಲೆ ಅಸ್ಥಿಮಜ್ಜೆಯ ರಕ್ತೋತ್ಪಾದಕ ಕೋಶವೊಂದರಲ್ಲಿ ಹುಟ್ಟಿ, ಅದರ ಸಂತತಿಯಲ್ಲಿ ಹರಡಿದ್ದು. ಆದ್ದರಿಂದ ರೋಗಿಯ ಮಕ್ಕಳು ಹೆದರಬೇಕಿಲ್ಲ. ಉರಿಯೂತವೂ ರಕ್ತದ ಕಾಯಿಲೆಯೂ ಒಂದೇ ಬೇರಿನಿಂದ ಚಿಗುರುವುದು ಹೀಗೆ.

ತೀರಾ ಅಪರೂಪದ ಕಾಯಿಲೆಯೆಂಬ ಭಾವನೆಯೂ ಉಳಿಯಲಿಲ್ಲ. ಪೆನ್ಸಿಲ್ವೇನಿಯಾದ ಗೈಸಿಂಗರ್ ಆರೋಗ್ಯ ಸಂಸ್ಥೆಯ 1,63,096 ಮಂದಿಯ ಜೀನ್ ಮಾಹಿತಿಯನ್ನು ಜಾಲಾಡಿದ 2023ರ ಅಧ್ಯಯನದಲ್ಲಿ 11 ಮಂದಿ ಪತ್ತೆಯಾದರು. ಐವತ್ತು ಮೀರಿದ ಗಂಡಸರಲ್ಲಿ ಸುಮಾರು 4,269ಕ್ಕೆ ಒಬ್ಬರು ಎಂಬ ಅಂದಾಜು ಹೊರಬಿತ್ತು. ಹನ್ನೊಂದೂ ಮಂದಿಗೆ ರಕ್ತಹೀನತೆಯಿತ್ತು.

ಚಿಕಿತ್ಸೆಯ ಹಾದಿ ಇನ್ನೂ ಸುಗಮವಲ್ಲ. ಸ್ಟೀರಾಯ್ಡ್‌ನಿಂದ ಜ್ವರ ತಗ್ಗುತ್ತದೆ, ಪ್ರಮಾಣ ಇಳಿಸಿದೊಡನೆ ಮರಳುತ್ತದೆ. ರಕ್ಸೊಲಿಟಿನಿಬ್, ಅಜಸಿಟಿಡಿನ್ ಕೆಲವರಿಗೆ ಫಲ ನೀಡಿವೆ. ದೋಷಪೂರಿತ ಕೋಶಗಳನ್ನು ಬುಡಸಮೇತ ತೆಗೆಯಬಲ್ಲದ್ದು ದಾನಿಯ ಅಸ್ಥಿಮಜ್ಜೆಯ ಕಸಿ. ಆದರೆ ಎಪ್ಪತ್ತರ ಆಸುಪಾಸಿನ, ವರ್ಷಗಟ್ಟಲೆ ಸ್ಟೀರಾಯ್ಡ್ ಸೇವಿಸಿ ನಿತ್ರಾಣಗೊಂಡ ದೇಹ ಅದನ್ನು ತಾಳಿಕೊಳ್ಳುವುದು ಕಷ್ಟ. ರಕ್ತದ ಮಾದರಿಯಲ್ಲಿ ಈ ಒಂದು ಜೀನ್ ಪರೀಕ್ಷಿಸಿದರೆ ರೋಗ ಗೊತ್ತಾಗುತ್ತದೆ. ಪರೀಕ್ಷೆ ಬರೆದುಕೊಡುವ ವೈದ್ಯರಿಗೆ ಅದರ ನೆನಪು ಬರಬೇಕಷ್ಟೆ.