ಒಂದು ಹುರುಳಿ ಕಾಳಿನ ವಯಸ್ಸು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ ಆ ಬರಹದಲ್ಲಿ ಊರಿನ ಹೆಸರೂ ಇದೆ: ಇಸಿಲ. ಆದರೆ ಸುತ್ತಲಿನ ಕಲ್ಲುಗೋರಿಗಳ ಮೇಲೆ ಅಕ್ಷರವಿಲ್ಲ. ಅವುಗಳಿಗೂ ಹಿಂದಿನ, ಕಲ್ಗೊಡಲಿ ಬಳಸುತ್ತಿದ್ದವರ ಮಣ್ಣಿನ ಪದರದಲ್ಲೂ ಇಲ್ಲ.

ಅಕ್ಷರವಿಲ್ಲದ ಇವುಗಳ ಕಾಲ ತಿಳಿಯಲು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದರು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಿದ್ದ ರೋಮನ್ ವ್ಯಾಪಾರ ಕಾಲದ ಮಡಕೆಯಂಥ ಚೂರುಗಳು ಇಲ್ಲಿಯೂ ಸಿಕ್ಕವು. ಆ ಚೂರುಗಳ ಆಧಾರದ ಮೇಲೆ ಕೆಳಗಿನ ಪದರಗಳ ಕಾಲವನ್ನು ಅಂದಾಜಿಸಿ, ಕಲ್ಲುಗೋರಿಗಳ ಆರಂಭವನ್ನು ಸುಮಾರು ಕ್ರಿ.ಪೂ. 200ಕ್ಕೆ ಇಟ್ಟರು. ಅಗೆತದ ಶಿಸ್ತು ದೊಡ್ಡದು. ಕಾಲದ ಲೆಕ್ಕ ಮಾತ್ರ ನಿಲ್ಲಲಿಲ್ಲ. 1949ರಲ್ಲಿ ಷಿಕಾಗೋದ ವಿಲ್ಲರ್ಡ್ ಲಿಬ್ಬಿ ಸತ್ತ ಜೀವಿಯಲ್ಲಿ ಕಾಲ ಕಳೆದಂತೆ ಕಡಿಮೆಯಾಗುವ ಇಂಗಾಲ-14ರಿಂದ ವಯಸ್ಸು ಅಳೆಯುವ ವಿಧಾನವನ್ನು ತೋರಿಸಿದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹಾವೇರಿ ಜಿಲ್ಲೆಯ ಹಳ್ಳೂರಿನ ಇದ್ದಿಲನ್ನು ಪರೀಕ್ಷಿಸಿದಾಗ, ನಮ್ಮ ನಾಡಿನಲ್ಲಿ ಕಲ್ಲುಗೋರಿಗಳ ಜೊತೆಗೇ ಕಾಣುವ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು.

ಆ ವಿಧಾನಕ್ಕೆ ಬೊಗಸೆ ಇದ್ದಿಲು ಬೇಕಿತ್ತು. ಏಕೆಂದರೆ ಅದು ಇಂಗಾಲ-14ರ ಪರಮಾಣು ಒಡೆಯುವುದನ್ನೇ ಕಾಯುತ್ತದೆ. ಒಂದು ಮಿಲಿಗ್ರಾಂ ಹೊಸ ಇಂಗಾಲದಲ್ಲಿ ಅಂಥ ಸುಮಾರು 6 ಕೋಟಿ ಪರಮಾಣುಗಳಿದ್ದರೂ ಗಂಟೆಗೆ ಒಂದು ಒಡೆದರೆ ಹೆಚ್ಚು. ಇಷ್ಟೊಂದು ಪರಮಾಣುಗಳು ಕಣ್ಣೆದುರೇ ಇರುವಾಗ ಕಾಯುವುದೇಕೆ, ನೇರವಾಗಿ ಎಣಿಸಬಾರದೇಕೆ?

ಎಣಿಸುವ ದಾರಿ ಹಳೆಯದೇ. 1886ರಲ್ಲಿ ಬರ್ಲಿನ್‌ನ ಗೋಲ್ಡ್‌ಸ್ಟೈನ್, ಗಾಜಿನ ಕೊಳವೆಯೊಳಗಿನ ಕ್ಯಾಥೋಡ್‌ಗೆ ತೂತು ಕೊರೆದಾಗ ಹಿಂಬದಿಗೆ ಒಂದು ಮಂದ ಬೆಳಕು ಹೊಮ್ಮಿತು. ಅದೇ ಅಯಾನುಗಳ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳ ದೂಲ. ಅಂಥ ದೂಲವನ್ನು ಜೆ.ಜೆ. ಥಾಮ್ಸನ್ ಆಯಸ್ಕಾಂತದ ನಡುವೆ ಹಾಯಿಸಿದಾಗ ನಿಯಾನ್ ಎರಡು ಗೆರೆಗಳಾಗಿ ಬೇರ್ಪಟ್ಟಿತು. 1919ರಿಂದ ಆಸ್ಟನ್ ಅದನ್ನು ತೂಕದ ಯಂತ್ರವನ್ನಾಗಿಸಿದರು. ಕಣದಲ್ಲಿ ರಾಶಿ ತೂರಿದಾಗ ಗಟ್ಟಿ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುತ್ತದಲ್ಲ, ಹಾಗೆಯೇ ಆಯಸ್ಕಾಂತದಲ್ಲಿ ಹಗುರ ಅಯಾನು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ.

ತೊಡಕಿದ್ದುದು ಸಾರಜನಕದಲ್ಲಿ. ಅದರ ತೂಕವೂ 14. ಗಾಳಿಯ ತುಂಬ ಅದೇ ಇರುವಾಗ, ಲಕ್ಷ ಕೋಟಿ ಇಂಗಾಲದಲ್ಲಿ ಒಂದೇ ಒಂದಾಗಿ ಅಡಗಿದ ಇಂಗಾಲ-14 ಕೈಗೆ ಸಿಗುವುದು ಹೇಗೆ? ಆ ತೊಡಕನ್ನು ಬಿಡಿಸಿದ್ದು ಪ್ರಕೃತಿಯ ಒಂದು ಚಿಕ್ಕ ಉಪಕಾರ: ಹೆಚ್ಚುವರಿ ಎಲೆಕ್ಟ್ರಾನನ್ನು ಇಂಗಾಲ ಹಿಡಿದಿಟ್ಟುಕೊಳ್ಳುತ್ತದೆ, ಸಾರಜನಕಕ್ಕೆ ಆಗುವುದಿಲ್ಲ. ಪರೀಕ್ಷಿಸಬೇಕಾದ ಕಾಳಿನ ಇಂಗಾಲವನ್ನು ಗ್ರ್ಯಾಫೈಟ್ ಮಾಡಿ, ಅದಕ್ಕೆ ಕೆಲವು ಸಾವಿರ ವೋಲ್ಟಿನ ಸೀಸಿಯಂ ಅಯಾನುಗಳನ್ನು ಬಡಿಸಿದರೆ ಋಣ ಅಯಾನುಗಳು ಸಿಡಿಯುತ್ತವೆ. ಈ ಅಯಾನು ಮೂಲವನ್ನು ಪಳಗಿಸಿದವರಲ್ಲಿ ಪೆನ್ಸಿಲ್ವೇನಿಯಾದ ರಾಯ್ ಮಿಡಲ್ಟನ್ ಮುಖ್ಯರು. ಹತ್ತಾರು ಸಾವಿರ ವೋಲ್ಟು, ಅಂದರೆ ಹಳೆಯ ಡಬ್ಬಾ ಟಿವಿಯೊಳಗೆ ಇರುತ್ತಿದ್ದಷ್ಟೇ ಒತ್ತಡದಲ್ಲಿ ಆ ದೂಲವನ್ನು ಹೊರಗೆಳೆಯುತ್ತಾರೆ. ಸಾರಜನಕ ಇಲ್ಲಿಯೇ ಉದುರಿಹೋಗುತ್ತದೆ. ಮುಂದಿನ ದೊಡ್ಡ ವೇಗವರ್ಧಕದ ಕೆಲಸ, ಅದೇ ತೂಕದ ಅಣುಗಳನ್ನು ಒಡೆದು ಉಳಿದದ್ದನ್ನು ಎಣಿಸುವುದು. ನನಗೆ ಮಾತ್ರ ಮೊದಲ ಮೆಟ್ಟಿಲಿನ ಈ ಮೃದು ದೂಲವೇ ಇಡೀ ಕಥೆಯ ಜೀವ. ಹೀಗೆ ಇಂಗಾಲ-14ನ್ನು ನೇರವಾಗಿ ಎಣಿಸುವುದು ಸಾಧ್ಯವೆಂದು 1977ರಲ್ಲಿ ತೋರಿತು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಇಂದು ಇಂಥ ಯಂತ್ರವಿದೆ.

ಇದರಿಂದ ಬೊಗಸೆ ಇದ್ದಿಲಿನ ಜಾಗಕ್ಕೆ ಒಂದೇ ಕಾಳು ಬಂತು. ಇದ್ದಿಲು ನೂರು ವರ್ಷ ಬಾಳಿದ ಮರದ್ದಿರಬಹುದು. ಕಾಳು ಒಂದೇ ಸುಗ್ಗಿಯದು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸುಟ್ಟು ಕರಿಯಾದ ಕಾಳುಗಳನ್ನು ಜರಡಿ ಹಿಡಿದು, ಇದೇ ವಿಧಾನದಿಂದ ಕಾಲ ಪತ್ತೆ ಹಚ್ಚಿ 2007ರಲ್ಲಿ ಪ್ರಕಟಿಸಿದರು. ಕ್ರಿ.ಪೂ. 2ನೇ ಸಹಸ್ರಮಾನದ ಆ ಅಡುಗೆಮನೆಯಲ್ಲಿದ್ದದ್ದು ಹುರುಳಿ, ಹೆಸರು, ಕೊರಲೆ.

ಚಳ್ಳಕೆರೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ನಾಡಿನ ವಿಜ್ಞಾನ ಶಿಕ್ಷಕರು ತರಬೇತಿಗೆ ಬರುತ್ತಾರೆ. ಅವರನ್ನು ಒಂದು ದಿನ ಬ್ರಹ್ಮಗಿರಿಗೆ ಕರೆದೊಯ್ಯಬೇಕು. ವೀಲರ್ ಅಗೆದ ಜಾಗದಲ್ಲಿ ನಿಂತು ಅಂಗೈಯಲ್ಲಿ ಒಂದು ಹುರುಳಿ ಕಾಳಿಟ್ಟು ಈ ಪಾಠ ಶುರು ಮಾಡಬೇಕೆಂದು ನನ್ನ ಆಸೆ.