ಪ್ರಶಸ್ತಿಯ ಹೆಸರಿನ ಹಿಂದೆ

ದೊಡ್ಡ ಪ್ರಶಸ್ತಿಗಳಿಗೂ ಸಂಸ್ಥೆಗಳಿಗೂ ಹಿರಿಯರ ಹೆಸರಿಡುವುದು ಅವರ ನೆನಪು ಉಳಿಯಲೆಂದು. ಆದರೆ ಹೆಸರು ಬಾಯಿಂದ ಬಾಯಿಗೆ ಸವೆದು, ಹೆಸರಿನ ಮನುಷ್ಯನೇ ಮರೆಯಾಗುವುದೂ ಉಂಟು. ಚಲನಚಿತ್ರರಂಗದ ಹಿರಿಯ ಸಾಧಕರಿಗೆ ಭಾರತ ಸರಕಾರವು ಕೊಡುವ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯನ್ನೇ ನೋಡಿರಿ. 1995ರ ಪ್ರಶಸ್ತಿಯು ಡಾ. ರಾಜಕುಮಾರರಿಗೆ ಸಂದಾಗ ನಾವು ಹಿಗ್ಗಿದೆವು. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ದುಡಿದು ಹೆಸರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ 2008ರ ಪ್ರಶಸ್ತಿ ದೊರೆತಾಗಲೂ ಹೆಮ್ಮೆಪಟ್ಟೆವು. ಆದರೆ ಆ ಫಾಲ್ಕೆಯವರು ಯಾರೆಂಬುದನ್ನು, ದಾದರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು?

ಧುಂಡಿರಾಜ ಗೋವಿಂದ ಫಾಲ್ಕೆಯವರು 1870ರಲ್ಲಿ ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಛಾಯಾಚಿತ್ರ, ಮುದ್ರಣ ಮೊದಲಾದ ಹಲವು ಕಸಬುಗಳಲ್ಲಿ ಕೈಯಾಡಿಸಿದರು. ಒಮ್ಮೆ ಏಸುಕ್ರಿಸ್ತನ ಜೀವನದ ಚಿತ್ರವನ್ನು ಕಂಡ ಅವರಿಗೆ, ನಮ್ಮ ಪುರಾಣಪುರುಷರನ್ನೂ ತೆರೆಯ ಮೇಲೆ ತರಬೇಕೆಂಬ ಹಂಬಲ ಹುಟ್ಟಿತು. ತಮ್ಮ ವಿಮಾ ಪಾಲಿಸಿಯನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ, ಕಸಬನ್ನು ಕಲಿತು, ಯಂತ್ರಸಾಮಗ್ರಿಯನ್ನು ಗೊತ್ತುಮಾಡಿ ಮರಳಿದರು.

ಆಗ ಎದುರಾದ ದೊಡ್ಡ ತೊಡಕು ತಾರಾಮತಿಯ ಪಾತ್ರದ್ದು. ಕ್ಯಾಮರಾದ ಮುಂದೆ ನಿಲ್ಲುವುದು ಮಾನವಂತರಿಗೆ ತಕ್ಕುದಲ್ಲವೆಂದು ಜನರು ಭಾವಿಸಿದ್ದ ಕಾಲವದು. ಆ ಪಾತ್ರಕ್ಕೆ ತಕ್ಕ ಹೆಂಗಸೊಬ್ಬಳೂ ಸಿಗಲಿಲ್ಲ. ಕೊನೆಗೆ ಅವರಿಗೆ ತಾರಾಮತಿ ದೊರೆತದ್ದು ಗ್ರ್ಯಾಂಟ್ ರೋಡಿನ ಒಂದು ಖಾನಾವಳಿಯಲ್ಲಿ! ಅಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತರುಣರ ತೆಳ್ಳನೆಯ ಮೈಕಟ್ಟನ್ನೂ ನೀಳವಾದ ಕೈಗಳನ್ನೂ ಕಂಡು ಫಾಲ್ಕೆಯವರು ಅವರನ್ನೇ ಕರೆತಂದರು. ತಿಂಗಳಿಗೆ 10 ರೂಪಾಯಿಯ ಕೆಲಸವನ್ನು ಬಿಟ್ಟು 15 ರೂಪಾಯಿಗೆ ಬಂದ ಆ ಅಡುಗೆಯವರು, ‘ರಾಜಾ ಹರಿಶ್ಚಂದ್ರ’ ಚಿತ್ರದ ಮಹಾರಾಣಿಯಾದರು. 1917ರ ‘ಲಂಕಾ ದಹನ’ದಲ್ಲಂತೂ ರಾಮನೂ ಅವರೇ, ಸೀತೆಯೂ ಅವರೇ.

ಫಾಲ್ಕೆಯವರ ಪತ್ನಿ ಸರಸ್ವತಿಬಾಯಿಯವರ ಶ್ರಮವೂ ಕಡಿಮೆಯದಲ್ಲ. ಅವರು ತಮ್ಮ ಒಡವೆಗಳನ್ನು ಕೊಟ್ಟರು. ಕೆಲಸಕ್ಕೆ ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಹಸಿ ಫಿಲ್ಮಿನ ಅಂಚಿಗೆ ತೂತು ಕೊರೆದು, ರಾಸಾಯನಿಕಗಳನ್ನು ಬೆರೆಸಿ, ಫಿಲ್ಮನ್ನು ಸಂಸ್ಕರಿಸಿದರು. ಹೀಗೆ ಸಿದ್ಧವಾದ ಚಿತ್ರವು 1913ರ ಮೇ 3ರಂದು ಗಿರಗಾಂವದ ಕೊರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು.

ಆದರೆ ಯಶಸ್ಸು ಕೊನೆಯವರೆಗೂ ಜೊತೆಗಿರಲಿಲ್ಲ. 1931ರಲ್ಲಿ ಮಾತಿನ ಚಿತ್ರಗಳು ಬಂದ ಮೇಲೆ ಮೂಕಚಿತ್ರಗಳ ಕಾಲ ಮುಗಿಯಿತು. 1937ರ ‘ಗಂಗಾವತರಣ’ವೇ ಫಾಲ್ಕೆಯವರ ಕೊನೆಯ ಚಿತ್ರ. ತಾವೇ ನೆಟ್ಟ ಉದ್ಯಮವು ಹೆಮ್ಮರವಾಗಿ ಬೆಳೆಯುತ್ತಿರಲು, ಅದರ ನೆರಳಿನಿಂದ ದೂರವಾಗಿ 1944ರ ಫೆಬ್ರುವರಿ 16ರಂದು ಅವರು ನಾಸಿಕದಲ್ಲಿ ಕಣ್ಮುಚ್ಚಿದರು. ಪ್ರಶಸ್ತಿಯು ಸ್ಥಾಪಿತವಾದುದು 1969ರಲ್ಲಿ. ಅಂದರೆ ಅವರು ತೀರಿಕೊಂಡ 25 ವರ್ಷಗಳ ಮೇಲೆ. ಆ ಸಾಲಿನ ಪ್ರಥಮ ಪ್ರಶಸ್ತಿಯು ದೇವಿಕಾ ರಾಣಿಯವರಿಗೆ ಸಂದಿತು. ಹೆಂಗಸರು ಮುಂದೆ ಬಾರದಿದ್ದ ರಂಗದಲ್ಲಿ ಮೊದಲ ಗೌರವವು ಒಬ್ಬ ನಟಿಗೆ ಸಂದದ್ದು ಉಚಿತವೇ ಆಯಿತು.

ಬದುಕಿದ್ದಾಗ ಮರೆತು, ಸತ್ತ ಮೇಲೆ ಸ್ಮರಿಸುವುದು ಲೋಕದ ವಾಡಿಕೆಯೇ ಇರಬಹುದು. ಆದರೂ ನಾವು ಕೇಳಬೇಕಾದ ಮಾತೊಂದಿದೆ. ಪ್ರಶಸ್ತಿಗೆ ಒಬ್ಬರ ಹೆಸರನ್ನಷ್ಟೇ ಇಡಲು ಸಾಧ್ಯ, ಕೆಲಸವೋ ಹಲವರದು. ಒಲೆಯ ಮುಂದೆ ಬೆವರು ಸುರಿಸುವ ನಮ್ಮ ಹೋಟೆಲು ಬಂಧುಗಳೂ, ಲೆಕ್ಕದ ಪುಸ್ತಕದ ಮೇಲೆ ಬಾಗಿರುವ ನಮ್ಮ ಗುಮಾಸ್ತರೂ ಇದನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. ಇನ್ನು ಮುಂದೆ ಫಾಲ್ಕೆ ಪ್ರಶಸ್ತಿಯ ಸುದ್ದಿಯನ್ನು ಓದುವಾಗ, ಆ ಹೆಸರಿನೊಂದಿಗೆ ಸರಸ್ವತಿಬಾಯಿಯವರನ್ನೂ ಗ್ರ್ಯಾಂಟ್ ರೋಡಿನ ಆ ಅಡುಗೆಯವರನ್ನೂ ನಾವು ನೆನೆಯೋಣ.